ಕೇಳಿ–ಹೇಳಿ: ಏಳಡಿ ದೋಣಿ ಕಟ್ಟಿದವರು

ಇಂಗ್ಲೆಂಡಿನ ಕಾಲುವೆಗಳ ನ್ಯಾರೋಬೋಟ್ (ಏಳಡಿ ಅಗಲದ ಸಪೂರ ದೋಣಿ) ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಬಹುಪಾಲು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ: ಕಟ್ಟಿದವರ ಹೆಸರಿಗೆ ಎಷ್ಟು ಬೆಲೆ ಕೊಡಬಹುದು? ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಎಪ್ಪತ್ತು ಅಡಿ ಉದ್ದದ ದೋಣಿಗೆ ಏಳೇ ಅಡಿ ಅಗಲ ಯಾಕೆ? ನಮ್ಮ ಕರಾವಳಿಯಲ್ಲಿ ದೋಣಿ ಕಟ್ಟುವವರು ಸಣ್ಣ ಸಣ್ಣ ಕುಟುಂಬಗಳು. ಅಲ್ಲಿಯೂ ಹಾಗೆಯೇ ಇತ್ತೆ?
—ಓದುಗರು, ಕುಂದಾಪುರ

ಅಗಲವನ್ನು ನಿಶ್ಚಯಿಸಿದ್ದು ದೋಣಿ ಕಟ್ಟುವವರಲ್ಲ, ಲಾಕ್. ಲಾಕ್ ಎಂದರೆ ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿ. ನೀರು ತುಂಬಿಸಿದರೆ ದೋಣಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. 1766ರಲ್ಲಿ ಶುರುವಾಗಿ 1777ರಲ್ಲಿ ಮುಗಿದ ಟ್ರೆಂಟ್ ಅಂಡ್ ಮರ್ಸಿ ಕಾಲುವೆಗೆ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಹಾಕಿದ ಲೆಕ್ಕ ಸುಮಾರು 7 ಅಡಿ ಅಗಲ, 72 ಅಡಿ ಉದ್ದದ್ದು. ಹೇರ್‌ಕ್ಯಾಸಲ್ ಗುಡ್ಡದೊಳಗೆ ಸುರಂಗ ಕೊರೆಯಬೇಕಿತ್ತು. ಅಗಲ ಹೆಚ್ಚಾದಷ್ಟೂ ಖರ್ಚು, ನೀರು ಎರಡೂ ಹೆಚ್ಚು. ಒಮ್ಮೆ ಆ ಅಳತೆ ಇಂಗ್ಲೆಂಡಿನ ನಡುಭಾಗವಾದ ಮಿಡ್‌ಲ್ಯಾಂಡ್ಸ್‌ನಲ್ಲಿ ಹರಡಿದ ಮೇಲೆ ಲಾಕ್‌ಗಿಂತ ಅಗಲ ಕಟ್ಟಿದವನ ದೋಣಿ, ಅದನ್ನು ಕಟ್ಟಿದ ಅಂಗಳದಲ್ಲೇ ಉಳಿಯಬೇಕಿತ್ತು.

ಕಟ್ಟುವವರ ವಿಷಯಕ್ಕೆ ಬಂದರೆ, ಹೌದು, ಅಲ್ಲಿಯೂ ಹೆಚ್ಚಿನವು ಮನೆತನದ ಅಂಗಳಗಳೇ. ಬ್ಯಾನ್ಬರಿಯ ಟೂಲಿ ಅಂಗಳ ಆಕ್ಸ್‌ಫರ್ಡ್ ಕಾಲುವೆಯ ದಂಡೆಯಲ್ಲಿ 1790ರಷ್ಟು ಹಿಂದಿನದು; ಈಗ ಅದರ ಸುತ್ತ ಶಾಪಿಂಗ್ ಮಾಲ್ ಬೆಳೆದಿದೆ, ನೀರು ಬಸಿದು ದೋಣಿ ರಿಪೇರಿ ಮಾಡುವ ಒಣ ಡಾಕ್ ಮಾತ್ರ ಹಾಗೆಯೇ ಇದೆ. ಬ್ರಾನ್‌ಸ್ಟನ್‌ನಲ್ಲಿ ನರ್ಸರ್ ಸಹೋದರರು, ಪೋಲ್ಸ್‌ವರ್ತ್‌ನಲ್ಲಿ ಲೀಸ್ ಅಂಡ್ ಅಟ್ಕಿನ್ಸ್, ಟ್ರಿಂಗ್‌ನಲ್ಲಿ ಬುಷೆಲ್ ಸಹೋದರರು. ಪಕ್ಕಕ್ಕೆ ಓಕ್, ತಳಕ್ಕೆ ಅಡ್ಡಡ್ಡ ಹಾಸಿದ ಎಲ್ಮ್ ಹಲಗೆ. ಎಲ್ಮ್ ಸದಾ ನೀರಲ್ಲಿ ನೆನೆದಿದ್ದರೆ ಕೊಳೆಯದು. ಒಮ್ಮೆ ಒಣಗಿ ಒಮ್ಮೆ ನೆನೆದರೆ ಕೆಡುತ್ತದೆ. ಓಕ್ ಹಲಗೆಯನ್ನು ಉದ್ದನೆಯ ಪೆಟ್ಟಿಗೆಯಲ್ಲಿಟ್ಟು ಆವಿ ಕೊಟ್ಟು, ಬಿಸಿ ಆರುವ ಮೊದಲೇ ಮೂತಿಯ ತಿರುವಿಗೆ ಬಗ್ಗಿಸಿ ಬಿಗಿಯುತ್ತಿದ್ದರು. ಸಂದಿಗೆ ಟಾರು ಹಚ್ಚಿದ ನಾರು ತುರುಕುವುದು ನಿಮ್ಮ ಊರಿನವರಿಗೆ ಹೇಳಿಕೊಡಬೇಕಾದ ಕೆಲಸವಲ್ಲ. ಆದರೆ ‘ಚಾಲಿಕೊ’ ನಿಮಗೆ ಹೊಸದಿರಬಹುದು: ಟಾರು, ಕುದುರೆ ಲದ್ದಿ, ದನದ ಕೂದಲು ಮೂರನ್ನೂ ಕುದಿಸಿ, ಬಿಸಿಯಿರುವಾಗಲೇ ಹಲಗೆಗೆ ಬಳಿಯುವ ಲೇಪ. ಲದ್ದಿ ಮತ್ತು ಕೂದಲು ಟಾರನ್ನು ಹಿಡಿದಿಡುತ್ತವೆ. ಬರಿಯ ಟಾರು ಬಿಸಿಲಿಗೆ ಹರಿದು ಇಳಿಯುತ್ತದೆ.

ಆ ಕಾಲದ ಅಂಗಳದ ಹೆಸರು ಅರ್ಧ ಮರಗೆಲಸದ್ದು, ಅರ್ಧ ಬಣ್ಣದ್ದು. ಕ್ಯಾಬಿನ್ ಬಾಗಿಲ ಮೇಲಿನ ಗುಲಾಬಿ, ಕೋಟೆಗಳ ಚಿತ್ರದಲ್ಲಿ ಎಸಳನ್ನು ಎಷ್ಟು ಬೀಸಿನಲ್ಲಿ ಎಳೆದಿದ್ದಾರೆ ಎಂಬುದನ್ನು ನೋಡಿಯೇ ದೋಣಿಯವರು ಇದು ಬ್ರಾನ್‌ಸ್ಟನ್‌ನ ಫ್ರಾಂಕ್ ನರ್ಸರ್ ಕೈ ಎಂದು ಗುರುತಿಸುತ್ತಿದ್ದರು.

ಪ್ರಶ್ನೆ: ಜಾಹೀರಾತಿನಲ್ಲಿ ‘ಲಾರ್ಜ್ ವೂಲ್ವಿಚ್’, ‘ಸ್ಮಾಲ್ ನಾರ್ತ್‌ವಿಚ್’, ‘ಜೋಷರ್’ ಎಂದು ಬರೆದಿರುತ್ತಾರೆ. ಇವು ಕಂಪನಿಗಳ ಹೆಸರೆ?
—ಓದುಗರು, ಮೈಸೂರು

ಮೊದಲೆರಡು ಊರಿನ ಹೆಸರು. 1930ರ ದಶಕದ ನಡುವೆ ಗ್ರ್ಯಾಂಡ್ ಯೂನಿಯನ್ ಸರಕು ಸಾಗಣೆ ಕಂಪನಿ ಒಟ್ಟೊಟ್ಟಿಗೆ ನೂರಾರು ದೋಣಿಗಳಿಗೆ ಆರ್ಡರ್ ಕೊಟ್ಟಿತು. ಒಂದಷ್ಟನ್ನು ಕಟ್ಟಿದ್ದು ಹಾರ್ಲಂಡ್ ಅಂಡ್ ವೂಲ್ಫ್‌ನ ವೂಲ್ವಿಚ್ ಶಾಖೆ. ಬೆಲ್‌ಫಾಸ್ಟ್‌ನಲ್ಲಿ ಟೈಟಾನಿಕ್ ಕಟ್ಟಿದ ಅದೇ ಸಂಸ್ಥೆ. ಇನ್ನೊಂದಷ್ಟು ನಾರ್ತ್‌ವಿಚ್‌ನ ಯಾರ್ವುಡ್ ಅವರದ್ದು. ಮರದವು ರಿಕ್ಮನ್ಸ್‌ವರ್ತ್‌ನ ವಾಕರ್ ಅವರದ್ದು. ಒಡಲು ಕಡಿಮೆ ಆಳದ ‘ಸ್ಮಾಲ್’ ದೋಣಿಗಳಿಗೆ ನಕ್ಷತ್ರಗಳ ಹೆಸರು, ಹೆಚ್ಚು ಆಳದ ‘ಲಾರ್ಜ್’ ದೋಣಿಗಳಿಗೆ ಪಟ್ಟಣಗಳ ಹೆಸರು. ‘ಜೋಷರ್’ ಎಂದರೆ ಫೆಲೋಸ್ ಮಾರ್ಟನ್ ಅಂಡ್ ಕ್ಲೇಟನ್ ಕಂಪನಿಯ ದೋಣಿ. ಪಾಲುದಾರ ಜೋಷುವಾ ಫೆಲೋಸ್ ಹೆಸರಿನಿಂದ ಬಂದ ಅಡ್ಡಹೆಸರು. ಪಕ್ಕಕ್ಕೆ ರಿವೆಟ್ ಹೊಡೆದ ಕಬ್ಬಿಣ, ತಳಕ್ಕೆ ಎಲ್ಮ್. ಅವುಗಳ ಮೂತಿಯ ಬಳುಕು ಎಷ್ಟು ಚೆಂದವೆಂದರೆ ಇಂದಿಗೂ ಹೊಸ ದೋಣಿಗೆ ‘ಜೋಷರ್ ಮೂತಿ’ ಬೇಕೆಂದು ಕೇಳುವವರಿದ್ದಾರೆ.

ಕೊಳ್ಳುವ ಮುನ್ನ ಒಂದೇ ಎಚ್ಚರಿಕೆ: ಸರಕಿನ ಕಾಲ ಮುಗಿದ ಮೇಲೆ ಇಂಥ ಎಷ್ಟೋ ದೋಣಿಗಳನ್ನು ನಡುವೆ ಕತ್ತರಿಸಿ, ಮುಂದಿನರ್ಧಕ್ಕೂ ಹಿಂದಿನರ್ಧಕ್ಕೂ ಬೇರೆ ಬೇರೆ ತುಂಡು ಜೋಡಿಸಿ ಎರಡು ದೋಣಿ ಮಾಡಿದ್ದಾರೆ. ‘1937ರ ವೂಲ್ವಿಚ್’ ಎಂದರೆ ಎಷ್ಟು ಅಡಿ 1937ರದ್ದು ಎಂದು ಕೇಳಿ.

ಪ್ರಶ್ನೆ: ಮಾರ್ಕೆಟ್ ಹಾರ್ಬರೋದ ಸ್ಪ್ರಿಂಗರ್ ಕಟ್ಟಿದ 40 ಅಡಿಯ ದೋಣಿ ಅಗ್ಗಕ್ಕೆ ಸಿಗುತ್ತಿದೆ, 1980ರ ಸುಮಾರಿನದ್ದು. ಹಳೆಯ ಗ್ಯಾಸ್ ಟ್ಯಾಂಕ್ ಒಡೆದ ತಗಡಿನಿಂದ ಮಾಡಿದ್ದು, ಮುಟ್ಟಬೇಡ ಎನ್ನುತ್ತಾರೆ ಗೆಳೆಯರು. ನಿಜವೆ?
—ಓದುಗರು, ಲೆಸ್ಟರ್

ಗ್ಯಾಸ್ ಟ್ಯಾಂಕಿನ ಕಥೆ ಕಾಲುವೆಯ ಪ್ರತಿ ದಂಡೆಯಲ್ಲೂ ಸಿಗುತ್ತದೆ. ಅದನ್ನು ನಂಬಿ ಬಿಟ್ಟುಬಿಡುವುದೂ ಬೇಡ, ನಗೆಯಾಡಿ ಕೊಂಡುಬಿಡುವುದೂ ಬೇಡ. ತಗಡು ಎಲ್ಲಿಂದ ಬಂತು ಎನ್ನುವುದಕ್ಕಿಂತ ಈಗ ಎಷ್ಟು ಉಳಿದಿದೆ ಎನ್ನುವುದು ನಿಮ್ಮ ಪ್ರಶ್ನೆಯಾಗಬೇಕು.

ಮೊದಲು ಆ ಹೆಸರಿನ ಹಿನ್ನೆಲೆ. 1962–63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ ನಿಂತವು. ಆ ಹೊಡೆತಕ್ಕೆ ಸರಕಿನ ವ್ಯಾಪಾರ ಮತ್ತೆ ಏಳಲಿಲ್ಲ. 1968ರ ಸಾರಿಗೆ ಕಾಯ್ದೆ ಹಲವು ಕಾಲುವೆಗಳನ್ನು ವಿಹಾರಕ್ಕೆಂದೇ ಉಳಿಸಿತು. ರಜೆಗೆ ದೋಣಿ ಬೇಕೆನ್ನುವವರು ಹುಟ್ಟಿಕೊಂಡರು, ಅವರ ಬಳಿ ದುಡ್ಡು ಹೆಚ್ಚಿರಲಿಲ್ಲ. ಸ್ಯಾಮ್ ಸ್ಪ್ರಿಂಗರ್ ಹಿಡಿದದ್ದು ಆ ಗಿರಾಕಿಯನ್ನು. ಮೂತಿಯ ಅಂದಚೆಂದಕ್ಕೆ ಹೋಗದೆ, ತೆಳು ಉಕ್ಕಿನಲ್ಲಿ, ಒಂದೇ ಅಚ್ಚಿನಲ್ಲಿ ಸಾಲಾಗಿ ಕಟ್ಟಿ ಅಗ್ಗಕ್ಕೆ ಮಾರಿದರು. ಸಂಪ್ರದಾಯದವರು ಮೂಗು ಮುರಿದರು. ಆದರೂ ನಲವತ್ತು ವರ್ಷ ದಾಟಿದ ಸ್ಪ್ರಿಂಗರ್‌ಗಳು ಇವತ್ತಿಗೂ ಓಡಾಡುತ್ತಿವೆ ಎಂಬುದನ್ನು ಬೈಯುವವರು ಮರೆಯಬಾರದು.

ಈಗ ಲೆಕ್ಕ. ಇಂದಿನ ದೋಣಿಯ ಉಕ್ಕನ್ನು ‘10/6/4’ ಎಂದು ಬರೆಯುತ್ತಾರೆ: ತಳ 10 ಮಿ.ಮೀ., ಪಕ್ಕ 6, ಕ್ಯಾಬಿನ್ 4. ಹಳೆಯ ಅಗ್ಗದ ದೋಣಿಗಳಲ್ಲಿ 3/16 ಇಂಚಿನ ತಗಡು ಸಾಮಾನ್ಯ, ಅಂದರೆ ಹೊಸದರಲ್ಲೇ 4.76 ಮಿ.ಮೀ. ವಿಮಾ ಕಂಪನಿಗಳು ಸಾಮಾನ್ಯವಾಗಿ 4 ಮಿ.ಮೀ.ಗಿಂತ ಕಡಿಮೆ ಕಂಡರೆ ಪೂರ್ಣ ವಿಮೆಗೆ ಒಪ್ಪುವುದಿಲ್ಲ. ಅಲ್ಲಿಗೆ ತುಕ್ಕಿಗೆ ಬಿಟ್ಟುಕೊಡಲು ಆ ದೋಣಿಯ ಬಳಿ ಹುಟ್ಟಿನಿಂದಲೇ ಇದ್ದದ್ದು ಮುಕ್ಕಾಲು ಮಿ.ಮೀ. ಮಾತ್ರ. ಪಕ್ಕದ ತಗಡು 6 ಮಿ.ಮೀ. ಇರುವ ದೋಣಿಗೆ ಎರಡು. ಸ್ಪ್ರಿಂಗರ್ ಬಗೆಗಿನ ಅಪಖ್ಯಾತಿಯ ಬಹುಪಾಲು ಈ ಕಳೆಯುವ ಲೆಕ್ಕದಲ್ಲೇ ಇದೆ. ಬೆಸುಗೆ ಕೆಟ್ಟದಿತ್ತು ಎಂದಲ್ಲ.

ದೋಣಿಯನ್ನು ನೀರಿನಿಂದ ಎತ್ತಿಸಿ, ನೀರಿನ ಒತ್ತಡದಲ್ಲಿ ತೊಳೆಸಿ, ನೀವೇ ಆರಿಸಿದ ಸರ್ವೇಯರ್ (ದೋಣಿ ತಪಾಸಣೆ ಮಾಡುವವರು) ಕೈಲಿ ನೋಡಿಸಿ; ಮಾರುವವನು ಕೊಟ್ಟ ಹಳೆಯ ವರದಿ ಸಾಲದು. ಶಬ್ದತರಂಗದ ಮೀಟರು ತಗಡಿನ ದಪ್ಪ ಹೇಳುತ್ತದೆ, ಆದರೆ ಮೇಲ್ಮೈಯಲ್ಲಿರುವ ಸಣ್ಣ ಗುಳಿಯ ಆಳ ಹೇಳುವುದಿಲ್ಲ. ಗುಳಿಗೆ ಬೇರೆ ಗೇಜು ಹಿಡಿಯಬೇಕು. ವರದಿಯಲ್ಲಿ ‘ಸರಾಸರಿ 4.5’ ಎಂದಿದ್ದು, ಕೆಳಗೆ ‘ಗುಳಿ 1.5ರವರೆಗೆ’ ಎಂದಿದ್ದರೆ ಆ ಜಾಗದಲ್ಲಿ ಉಳಿದಿರುವುದು 3. ಈ ಎರಡು ಸಾಲನ್ನು ಕೂಡಿಸಿ ಓದದೆ ಮೋಸಹೋಗುವವರು ಬಹಳ. ಗಾಳಿ, ನೀರು ಎರಡೂ ತಾಗುವ ನೀರಿನ ಗೆರೆಯ ಪಟ್ಟಿಯೇ ಮೊದಲು ಸವೆಯುವುದು. ಅಲ್ಲಿ ಹೆಚ್ಚು ಕಡೆ ಅಳೆಯಲು ಹೇಳಿ.

ಸ್ಪ್ರಿಂಗರ್‌ನ ಇನ್ನೊಂದು ಗುರುತು ಚಪ್ಪಟೆಯಲ್ಲದ, ನಡುವೆ ‘ವಿ’ ಆಗಿ ಇಳಿಯುವ ತಳ. ಕಿಟಕಿಯಿಂದ, ಸ್ನಾನದ ಕೊಠಡಿಯಿಂದ ಸೋರಿದ ನೀರೆಲ್ಲ ಆ ನಡುಗೆರೆಗೆ ಬಂದು, ತೂಕಕ್ಕೆಂದು ಇಟ್ಟ ಇಟ್ಟಿಗೆಗಳ ಅಡಿ ವರ್ಷಗಟ್ಟಲೆ ನಿಂತಿರುತ್ತದೆ. ಹೊರಗೆ ಕಪ್ಪು ಬಣ್ಣ ಹೊಳೆಯುತ್ತಿರುವಾಗ ತಗಡು ಒಳಗಿನಿಂದ ತಿಂದುಹೋಗಿರಬಹುದು. ನೆಲದ ಹಲಗೆ ಒಂದನ್ನಾದರೂ ಕೀಳಿಸಿ, ಕೈ ಇಳಿಸಿ ನೋಡಿ. ಹಲಗೆ ಕೀಳಲು ಒಡೆಯ ಒಪ್ಪದಿದ್ದರೆ ಅದೂ ಒಂದು ವರದಿಯೇ.

ತಗಡು ತೆಳುವಾಗಿದ್ದರೆ ಮೇಲೆ ಹೊಸ ತಗಡು ಬೆಸೆಯಬಹುದು. ಅದಕ್ಕೂ ತೂಕವಿದೆ. 4 ಮಿ.ಮೀ. ಉಕ್ಕು ಚದರ ಮೀಟರಿಗೆ 31 ಕೆ.ಜಿ. ಮೀರುತ್ತದೆ. ನೀರಿನ ಗೆರೆಯ ಸುತ್ತ 60 ಸೆಂ.ಮೀ. ಪಟ್ಟಿಯನ್ನು ಎರಡೂ ಬದಿಗೆ 11 ಮೀಟರು ಹಾಕಿದರೆ 13.2 ಚದರ ಮೀಟರು, ಅಂದರೆ ಸುಮಾರು 415 ಕೆ.ಜಿ. 40 ಅಡಿಯ ದೋಣಿ ಅದಕ್ಕೆ ಹೆಚ್ಚುಕಡಿಮೆ ಎರಡು ಸೆಂ.ಮೀ. ಮುಳುಗುತ್ತದೆ. ತಳಕ್ಕೂ ಹಾಕಿಸಿದರೆ ಇನ್ನಷ್ಟು. ಹಿಂದಿನ ಕಟ್ಟೆಯ ನೀರು ಹೋಗುವ ರಂಧ್ರ, ಗ್ಯಾಸ್ ಸಿಲಿಂಡರ್ ಪೆಟ್ಟಿಗೆಯ ಕಿಂಡಿ, ಎಂಜಿನ್ ಹೊಗೆ ಕೊಳವೆ ಇವುಗಳಲ್ಲಿ ಅತಿ ಕೆಳಗಿನದು ನೀರಿನಿಂದ 250 ಮಿ.ಮೀ. ಮೇಲಿರಬೇಕು ಎನ್ನುವುದು ರೂಢಿಯ ಸಲಹೆ. ಇಲ್ಲದಿದ್ದರೆ ಅಷ್ಟೇ ತೂಕದ ಇಟ್ಟಿಗೆ ಒಳಗಿನಿಂದ ತೆಗೆಸಬೇಕು. ತಗಡು ಹಾಕಿದವರು ಇದನ್ನು ಮರೆತ ದೋಣಿಗಳು ಲಾಕ್‌ನಲ್ಲಿ ಸ್ವಲ್ಪ ವಾಲಿದರೂ ನೀರು ಕುಡಿಯುತ್ತವೆ.

ಪ್ರಶ್ನೆ: ನಾವು ನೋಡಿದ ದೋಣಿಗೆ ಕಟ್ಟಿದವರ ಹೆಸರೇ ಇಲ್ಲ. ಕಂಡುಹಿಡಿಯುವುದು ಹೇಗೆ?
—ಓದುಗರು, ಬರ್ಮಿಂಗ್‌ಹ್ಯಾಮ್

1998ರ ಜೂನ್ ನಂತರ ಮಾರಾಟಕ್ಕೆ ಬಂದದ್ದಾದರೆ ಹಿಂಬದಿಯ ಬಲಗಡೆ ಉಕ್ಕಿನ ಮೇಲೆ ಒಂದು ಸಂಖ್ಯೆ ಕೊರೆದಿರಬೇಕು. ಇನ್ನೊಂದು ಪ್ರತಿ ಒಳಗೆಲ್ಲೋ ಗುಟ್ಟಾಗಿರುತ್ತದೆ. ಉದಾಹರಣೆಗೆ ‘ಜಿಬಿ–ಎಬಿಸಿ00027ಡಿ506’ ಎಂದಿದೆ ಎನ್ನಿ. ಜಿಬಿ ಬ್ರಿಟನ್. ಎಬಿಸಿ ಕಟ್ಟಿದವರ ಸಂಕೇತ. 00027 ಅವರ ಕ್ರಮಸಂಖ್ಯೆ. ಡಿ ಎಂದರೆ ಏಪ್ರಿಲ್, ಏಕೆಂದರೆ ಎ ಜನವರಿ. 5 ಎಂದರೆ 2005. ಕೊನೆಯ 06 ಮಾದರಿ ವರ್ಷ. ಬಣ್ಣದ ಪದರಗಳಡಿ ಹೂತುಹೋಗಿದ್ದರೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ.

ಇಲ್ಲೊಂದು ಎಡವಟ್ಟಿದೆ. ಆ ಮೂರಕ್ಷರ ದೋಣಿಯನ್ನು ‘ಪೂರ್ಣಗೊಳಿಸಿದೆ’ ಎಂದು ಘೋಷಿಸಿದವರದ್ದು. ಉಕ್ಕಿನ ಶೆಲ್, ಅಂದರೆ ಒಳಗಿನ ಕೆಲಸ ಆಗದ ಬರಿಯ ದೋಣಿ ಒಬ್ಬರದ್ದು, ಒಳಗಿನ ಮರ, ವಿದ್ಯುತ್ತು, ನೀರು ಇನ್ನೊಬ್ಬರದ್ದು ಆಗಿದ್ದರೆ ಸಂಖ್ಯೆ ಎರಡನೆಯವರನ್ನು ತೋರಿಸಬಹುದು. ಬರಿಯ ಶೆಲ್ ಕೊಂಡು ಒಡೆಯನೇ ಮುಗಿಸಿದ್ದರೆ ಸಂಖ್ಯೆಯೇ ಇಲ್ಲದಿರಬಹುದು. ಅಂಥದ್ದನ್ನು ಬಳಕೆಗೆ ತಂದ ಐದು ವರ್ಷದೊಳಗೆ ಮಾರಬೇಕಾದರೆ ನಿಯಮದ ಪ್ರಕಾರ ಮೌಲ್ಯಮಾಪನ ಮಾಡಿಸಬೇಕು. ಆ ಕಾಗದ ಕೇಳಿ.

1998ಕ್ಕಿಂತ ಹಿಂದಿನದಕ್ಕೆ ಮೊದಲ ಮಾರಾಟದ ಬಿಲ್ಲೇ ಗತಿ. ಅದೂ ಇಲ್ಲದಿದ್ದರೆ ಮೂತಿಯ ತಿರುವು, ಕೈಗಂಬಿಯ ತುದಿ ಮುಗಿದ ರೀತಿ, ಗ್ಯಾಸ್ ಪೆಟ್ಟಿಗೆಯ ಮುಚ್ಚಳ, ಚುಕ್ಕಾಣಿಯ ಹಂಸಕತ್ತು (ಹಂಸದ ಕತ್ತಿನಂತೆ ಬಾಗಿದ ಕಂಬಿ) ಇವನ್ನು ಹತ್ತಿರದಿಂದ ಫೋಟೊ ತೆಗೆದು ಹಳೆಯ ಅಂಗಳದವರಿಗೆ ತೋರಿಸಿ. ಬೆಸುಗೆಗಾರನ ಕೈ ಅಕ್ಷರದ ಹಾಗೆ, ಬಲ್ಲವರು ಓದುತ್ತಾರೆ.

ಪ್ರಶ್ನೆ: ಒಂದೇ ವರ್ಷದ, 57 ಅಡಿಯ ಎರಡು ದೋಣಿಗಳು. ಒಂದಕ್ಕೆ ‘ಹೆಸರುವಾಸಿ ಶೆಲ್’ ಎಂದು ಬಹಳ ಹೆಚ್ಚು ಬೆಲೆ. ಆ ಹೆಚ್ಚಿನ ದುಡ್ಡಿಗೆ ಏನು ಸಿಗುತ್ತದೆ?
—ಓದುಗರು, ಮಿಲ್ಟನ್ ಕೀನ್ಸ್

ಮುಖ್ಯವಾಗಿ ಸಿಗುವುದು ನೀರಿನೊಳಗಿದೆ, ನೋಡಲು ಬಂದವರ ಕಣ್ಣಿಗೆ ಬೀಳುವುದಿಲ್ಲ. ಒಡಲಿನ ಹಿಂಭಾಗ ಪ್ರೊಪೆಲ್ಲರಿನತ್ತ ಕ್ರಮೇಣ ಸಪೂರವಾಗುವ ಭಾಗಕ್ಕೆ ‘ಸ್ವಿಮ್’ ಎನ್ನುತ್ತಾರೆ. ಅದು ಹತ್ತು ಹನ್ನೆರಡು ಅಡಿಯಷ್ಟು ಉದ್ದವಾಗಿ, ನಯವಾಗಿ ಬಾಗಿದ್ದರೆ ನೀರು ಅಡ್ಡಿಯಿಲ್ಲದೆ ಪ್ರೊಪೆಲ್ಲರಿಗೆ ಬರುತ್ತದೆ. ಕಡಿಮೆ ಎಂಜಿನ್ ವೇಗದಲ್ಲೇ ದೋಣಿ ಸಾಗುತ್ತದೆ, ಚುಕ್ಕಾಣಿ ಮಾತು ಕೇಳುತ್ತದೆ. ಮೊಂಡಾಗಿ, ಗಿಡ್ಡವಾಗಿ ಇದ್ದರೆ ಪ್ರೊಪೆಲ್ಲರಿಗೆ ನೀರು ಸಾಲದು. ಎಂಜಿನ್ ಕೂಗುತ್ತದೆ, ಹಿಂಬದಿ ಕುಸಿಯುತ್ತದೆ, ದಂಡೆಗೆ ಅಲೆ ಬಡಿಯುತ್ತದೆ, ದೋಣಿ ಮಾತ್ರ ಗಂಟೆಗೆ 3 ಮೈಲಿ ದಾಟುವುದಿಲ್ಲ. ಉದ್ದ ಸ್ವಿಮ್‌ಗೆ ದಪ್ಪ ತಗಡನ್ನು ಸೀಳದಂತೆ ಬಗ್ಗಿಸಬೇಕು, ಒಳಗೆ ನೆಲದ ಜಾಗವೂ ಕಳೆದುಹೋಗುತ್ತದೆ. ಅಗ್ಗಕ್ಕೆ ಕಟ್ಟುವವರು ಮೊದಲು ಕೈಬಿಡುವುದು ಇದನ್ನೇ. ಪರೀಕ್ಷೆ ಸುಲಭ: ಓಡಿಸಿ ನೋಡುವಾಗ ಹಿಂದಕ್ಕೆ ತಿರುಗಿ, ಅಲೆ ಮುರಿಯುತ್ತಿದೆಯೇ ನೋಡಿ. ಹಿಮ್ಮುಖ ಗೇರು ಹಾಕಿ ಎಷ್ಟು ದೂರಕ್ಕೆ ನಿಲ್ಲುತ್ತದೆ ಎಂಬುದನ್ನೂ.

ಎರಡನೆಯದು ಬೆಸುಗೆಯ ತಾಳ್ಮೆ. ಪಕ್ಕದ ತಗಡಿಗೆ ಒಳಗಿನಿಂದ ಪಕ್ಕೆಲುಬುಗಳನ್ನು ಬೆಸೆಯುವಾಗ ಬಿಸಿಗೆ ತಗಡು ಸೆಳೆದುಕೊಳ್ಳುತ್ತದೆ. ಅವಸರದವನು ಉದ್ದುದ್ದ ಬೆಸೆದರೆ ಪಕ್ಕೆಲುಬುಗಳ ನಡುವೆ ತಗಡು ಒಳಕ್ಕೆ ಕುಗ್ಗುತ್ತದೆ. ‘ಹಸಿದ ಕುದುರೆ’ ಎಂದು ಅಲ್ಲಿಯವರು ಹೇಳುವುದು ಇದಕ್ಕೆ. ಸಂಜೆಯ ಓರೆ ಬಿಸಿಲಲ್ಲಿ ಮೂತಿಯ ಪಕ್ಕ ನಿಂತು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ, ಎಲುಬು ಎಣಿಸಲು ಬಂದರೆ ಗೊತ್ತಾಯಿತಲ್ಲ. ತುಂಡು ತುಂಡಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬೆಸೆದವನ ದೋಣಿಯಲ್ಲಿ ಕೈಗಂಬಿಯ ಗೆರೆ ದಾರ ಕಟ್ಟಿದ ಹಾಗಿರುತ್ತದೆ. ಇದರಿಂದ ದೋಣಿ ಮುಳುಗುವುದಿಲ್ಲ, ಒಪ್ಪೋಣ; ಆದರೆ ಕಾಣುವ ಕಡೆ ಅವಸರ ಮಾಡಿದವನು ಕಾಣದ ಕಡೆ ನಿಧಾನಿಸಿರುತ್ತಾನೆ ಎಂದು ನಂಬುವುದು ಕಷ್ಟ.

ಮೂರನೆಯದು ತಳದ ಅಂಚು. ತಳದ ತಗಡು ಪಕ್ಕದಿಂದ ಹೊರಕ್ಕೆ ಸುಮಾರು ಎರಡು ಸೆಂ.ಮೀ. ಚಾಚಿರಬೇಕು. ದಂಡೆಗೆ, ಲಾಕ್ ಗೋಡೆಗೆ ಉಜ್ಜಿ ಸವೆಯುವುದು ಆ ತುಟಿ, ಅದರ ಮೇಲಿನ ಬೆಸುಗೆಯಲ್ಲ. ಹಳೆಯ ದೋಣಿಯಲ್ಲಿ ತುಟಿಯೇ ಮಾಯವಾಗಿದ್ದರೆ ಬೆಸುಗೆ ಬಯಲಾಗಿದೆ ಎಂದರ್ಥ.

ಟ್ಯಾಮ್‌ವರ್ತ್ ಬಳಿ ಗ್ಲಾಸ್ಕೋಟ್‌ನ ಸ್ಟೀವ್ ಹಡ್ಸನ್, ಸ್ಟೋನ್‌ನ ರೋಜರ್ ಫುಲ್ಲರ್, ಶೆಫೀಲ್ಡ್‌ನ ಟೈಲರ್–ವಿಲ್ಸನ್ ಇವರೆಲ್ಲ ಹೆಸರು ಮಾಡಿದ್ದು ಇಂಥ ಗೆರೆಗಳಿಂದ. ಹಡ್ಸನ್ ದೋಣಿಗೆ ಒಂದು ಗುಂಪಿನ ಭಕ್ತರೇ ಇದ್ದಾರೆ. ಬೆಸೆದ ಉಕ್ಕಿಗೆ ಅಲಂಕಾರದ ರಿವೆಟ್ ಏಕೆ ಎಂದು ಕೊಂಕು ನುಡಿಯುವ ಗುಂಪೂ ಇದೆ. ಇಷ್ಟು ನೆನಪಿಡಿ, ಈ ಹೆಸರುಗಳು ಶೆಲ್‌ನವು. ಒಳ್ಳೆಯ ಶೆಲ್‌ನೊಳಗೆ ಪಾಲಿಸ್ಟೈರೀನ್ ಹಾಳೆಗೆ ತಾಗಿಸಿ ಪಿವಿಸಿ ವೈರು ಎಳೆದವರಿದ್ದಾರೆ. ಎರಡೂ ತಾಗಿದಲ್ಲಿ ವೈರಿನ ಹೊದಿಕೆ ಗಟ್ಟಿಯಾಗಿ ಬಿರಿಯುತ್ತದೆ. ಒಳಗಿನ ಕೆಲಸ ಯಾರದ್ದು ಎಂದು ಬೇರೆಯಾಗಿಯೇ ಕೇಳಿ.

57 ಅಡಿ ಎಂಬ ನಿಮ್ಮ ಆಯ್ಕೆ ಸರಿ. ಉತ್ತರ ಇಂಗ್ಲೆಂಡಿನ ಕ್ಯಾಲ್ಡರ್ ಅಂಡ್ ಹೆಬ್ಬಲ್ ಜಲಮಾರ್ಗದ ಗಿಡ್ಡ ಲಾಕ್‌ಗಳನ್ನೂ ಅದು ದಾಟುತ್ತದೆ.

ಪ್ರಶ್ನೆ: ಇಬ್ಬರೇ ಕೆಲಸ ಮಾಡುವ ಸಣ್ಣ ಅಂಗಳದಲ್ಲಿ ಹೊಸ ದೋಣಿ ಕಟ್ಟಿಸಲು ಹೊರಟಿದ್ದೇವೆ. ಹಂತ ಹಂತವಾಗಿ ಹಣ ಕೇಳುತ್ತಿದ್ದಾರೆ. ಏನು ಎಚ್ಚರಿಕೆ?
—ಓದುಗರು, ರೆಡಿಂಗ್

ಸಣ್ಣ ಅಂಗಳಗಳು ಮುಳುಗುವುದು ಕೆಟ್ಟ ಕೆಲಸದಿಂದಲ್ಲ, ಒಬ್ಬರ ಮುಂಗಡದಲ್ಲಿ ಇನ್ನೊಬ್ಬರ ಉಕ್ಕು ಕೊಳ್ಳುವುದರಿಂದ. ಅಂಗಳ ದಿವಾಳಿಯಾದರೆ ಶೆಡ್ಡಿನಲ್ಲಿರುವ ಅರ್ಧ ದೋಣಿ ಯಾರದ್ದು ಎಂಬ ಪ್ರಶ್ನೆ ಏಳುತ್ತದೆ. ಒಪ್ಪಂದ ಬಾಯಿ ಮುಚ್ಚಿಕೊಂಡಿದ್ದರೆ ಅದು ಅಂಗಳಕ್ಕೆ ಸಾಲ ಕೊಟ್ಟವರ ಪಾಲು. ಪ್ರತಿ ಕಂತಿನ ಜೊತೆಗೆ ಅಲ್ಲಿಯವರೆಗಿನ ಕೆಲಸ ಮತ್ತು ಸಾಮಾನಿನ ಒಡೆತನ ನಿಮಗೆ ಬರುತ್ತದೆ ಎಂಬ ಸಾಲು ಇರಲೇಬೇಕು. ಶೆಲ್ ಎದ್ದ ಕೂಡಲೇ ಗುರುತಿನ ಸಂಖ್ಯೆ ಕೊರೆಸಿ. ಎಂಜಿನ್ ಬಿಲ್ಲಿನಲ್ಲಿ ಅದರ ಸಂಖ್ಯೆ, ನಿಮ್ಮ ಹೆಸರು ಎರಡೂ ಇರಲಿ. ಶೆಡ್ಡಿನಲ್ಲಿ ಕಾಣುವ ವಸ್ತುವಿನ ಬೆಲೆಗಿಂತ ಮುಂದಕ್ಕೆ ಹಣ ಹೋಗಬಾರದು.

ಸರ್ವೇಯರನ್ನು ಕೊನೆಗೆ ಕರೆಯಬೇಡಿ. ಒಳಗೆ ಫೋಮ್ ಸಿಂಪಡಿಸಿ ಹಲಗೆ ಹೊಡೆದ ಮೇಲೆ ಪಕ್ಕೆಲುಬೂ ಬೆಸುಗೆಯೂ ಮತ್ತೆ ಕಾಣುವುದಿಲ್ಲ. ಅದಕ್ಕೆ ಮೊದಲು ಒಂದು ದಿನ ಕರೆಸಿ. ಸ್ಕಿನ್ ಟ್ಯಾಂಕ್ ಅಳತೆಯೂ ಆಗಲೇ ನೋಡಿಸಿ. ಎಂಜಿನ್ ನೀರು ಒಡಲಿನ ತಗಡಿಗೆ ತಾಗಿ ತಣಿಯುವ ಈ ತೊಟ್ಟಿಗೆ ಪ್ರತಿ 4 ಕುದುರೆಶಕ್ತಿಗೆ 1 ಚದರ ಅಡಿ ಎಂಬುದು ರೂಢಿಯ ಲೆಕ್ಕ. 38 ಕುದುರೆಶಕ್ತಿಗೆ ಒಂಬತ್ತೂವರೆ. ಕಡಿಮೆಯಾದರೆ ಕಾಲುವೆಯಲ್ಲಿ ಗೊತ್ತಾಗುವುದಿಲ್ಲ, ಥೇಮ್ಸ್‌ನಲ್ಲಿ ಹೊಳೆಗೆ ಎದುರಾಗಿ ಓಡಿಸಿದ ದಿನ ಎಂಜಿನ್ ಕಾದುಹೋಗುತ್ತದೆ.

ಕೊನೆಯದಾಗಿ ಬಣ್ಣ. ಕಾರ್ಖಾನೆಯಿಂದ ಬಂದ ಉಕ್ಕಿನ ಮೇಲೆ ನೀಲಿಗಪ್ಪು ಪೊರೆ ಇರುತ್ತದೆ. ಅದರ ಮೇಲೇ ಕಪ್ಪು ಬಳಿದರೆ ವರ್ಷದೊಳಗೆ ಪೊರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಚಕ್ಕೆ ಎದ್ದ ಕಡೆ ಬರಿಯ ಉಕ್ಕು, ಪಕ್ಕದಲ್ಲಿ ಪೊರೆ. ನೀರಿನಲ್ಲಿ ಎರಡರ ನಡುವೆ ಸಣ್ಣ ಬ್ಯಾಟರಿಯಂತಾಗಿ ಬರಿಯ ಉಕ್ಕು ಗುಳಿಬೀಳುತ್ತದೆ. ಮರಳು ಹೊಡೆಸಿ ಪೊರೆ ತೆಗೆಸಿ, ಅದೇ ದಿನ ಎಪಾಕ್ಸಿಯ ಮೊದಲ ಕೋಟು ಹಾಕಿಸಿ. ಸಾದಾ ಬಿಟುಮೆನ್ ಆದರೆ ಎರಡು ಮೂರು ವರ್ಷಕ್ಕೊಮ್ಮೆ ದೋಣಿ ಎತ್ತಿಸಬೇಕು. ತಳದ ಅಡಿಭಾಗಕ್ಕೂ ಹಚ್ಚುವಿರಾ ಎಂದು ಅಂಗಳದವರನ್ನು ಮೊದಲೇ ಕೇಳಿ ಬರೆಸಿಕೊಳ್ಳಿ. ದೋಣಿ ಮರದ ದಿಮ್ಮಿಗಳ ಮೇಲೆ ಕೂತಿರುವುದರಿಂದ ಆ ಭಾಗವನ್ನು ಹಾಗೆಯೇ ಬಿಡುವವರೇ ಹೆಚ್ಚು.